ಗಾಜಿನ ಮಠಕ್ಕೆ ಆಲಿಕಲ್ಲು ಬಿದ್ದ ದಿನ

ಆಲಿಕಲ್ಲಿನ ಮಾತು ಬಂತಲ್ಲ, ಹಾಗಾದರೆ ಇದನ್ನು ಹೇಳಿಯೇಬಿಡುತ್ತೇನೆ. ಒಲೆಗೆ ಇನ್ನೊಂದು ಕುಂಟೆ ದೂಡಿ, ಕತೆ ಸ್ವಲ್ಪ ಉದ್ದವಿದೆ.

ನಮ್ಮಲ್ಲಿ ಬೇಸಗೆಯ ಮೊದಲ ಗುಡುಗಿಗೆ ಆಲಿಕಲ್ಲು ಬಿದ್ದರೆ ಮಕ್ಕಳು ಅಂಗಳಕ್ಕೆ ಓಡಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತವೆ. ನಾನು ಹೇಳುತ್ತಿರುವ ಆಲಿಕಲ್ಲು ಹೆಕ್ಕುವಂಥದ್ದಲ್ಲ. ಅದು 2023ರ ಆಗಸ್ಟ್ 26ರ ಶನಿವಾರ ಬಿದ್ದದ್ದು, ಜರ್ಮನಿಯ ಬವೇರಿಯದಲ್ಲಿ, ಬೆನೆಡಿಕ್ಟ್‌ಬೊಯರ್ನ್ ಎಂಬ ಊರಿನಲ್ಲಿ. ಅಲ್ಲೊಂದು ಮಠವಿದೆ. ಹುಟ್ಟಿ ಹತ್ತಿರ ಹತ್ತಿರ 1,300 ವರ್ಷವಾದ ಮಠ. ಅದರ ಕಿಟಕಿಗಳು ಒಂದಾದ ಮೇಲೊಂದು ಒಡೆದು ಒಳಗೆ ಬೀಳುವಾಗ ನಾನು ಆ ಗೋಡೆಗಳ ಒಳಗೇ ಇದ್ದೆ.

ಮಗಳ ಸಂಸಾರ ಮ್ಯೂನಿಕ್‌ನಲ್ಲಿ. ಆ ವರ್ಷ ಅವರ ಜೊತೆ ಇರಲು ಹೋಗಿದ್ದೆ. ನೀವೆಲ್ಲ ಬಲ್ಲಿರಿ, ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಲೇ ತಲೆ ನರೆತವನು ನಾನು. ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ಬಣ್ಣ ಬಿಡಿಸಿದರೆ ಆ ಬಣ್ಣಗಳ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ, ಅವಕ್ಕೆ ಫ್ರೌನ್‌ಹೋಫರ್ ರೇಖೆಗಳು ಎಂದು ಹೆಸರು, ಇದನ್ನು ಎಷ್ಟು ತರಗತಿಗಳಿಗೆ ಬರೆಸಿದ್ದೆನೋ. ಆ ಗೆರೆಗಳನ್ನು ಫ್ರೌನ್‌ಹೋಫರ್ ಎಂಬಾತ ಎಣಿಸಿ ಗುರುತು ಹಾಕಿದ್ದು ಒಂದು ಮುಚ್ಚಿದ ಮಠದಲ್ಲಿ, ಆ ಮಠ ಮಗಳ ಮನೆಯಿಂದ ಸುಮಾರು ಒಂದು ತಾಸಿನ ರೈಲು ದಾರಿ ಎಂದು ಗೊತ್ತಾದ ಮೇಲೆ ಮನೆಯಲ್ಲಿ ಕೂರಲು ಆಗಲಿಲ್ಲ. ಆ ವಾರದ ಬುಧವಾರವಷ್ಟೇ ಚಂದ್ರಯಾನ-3 ಚಂದ್ರನ ಮೇಲೆ ಇಳಿದಿತ್ತು. ಮೊಮ್ಮಗನ ಬಾಯಲ್ಲಿ ಇಸ್ರೋ ಬಿಟ್ಟು ಬೇರೆ ಮಾತಿಲ್ಲ. ಮುಂದಿನ ವಾರ ಆದಿತ್ಯ-ಎಲ್1 ಸೂರ್ಯನ ಕಡೆ ಹೊರಡುವುದಿತ್ತು. ‘ಅಜ್ಜ, ಸೂರ್ಯನ ಹತ್ತಿರ ಹೋಗದೆ ಸೂರ್ಯನಲ್ಲಿ ಏನಿದೆ ಅಂತ ಹೇಗೆ ಗೊತ್ತಾಗತ್ತೆ?’ ಎಂದು ಕೇಳಿದ್ದ. ಉತ್ತರವನ್ನು ಜಾಗದಲ್ಲೇ ನಿಂತು ಹೇಳುತ್ತೇನೆ ಎಂದು ಮಗಳನ್ನೂ ಅವನನ್ನೂ ಹೊರಡಿಸಿದೆ.

ಊರು ಆಲ್ಪ್ಸ್ ಪರ್ವತದ ಬುಡದಲ್ಲಿದೆ. ಒಂದು ಬದಿಗೆ ಬೆನೆಡಿಕ್ಟೆನ್‌ವಾಂಡ್ ಎಂಬ 1,801 ಮೀಟರ್ ಎತ್ತರದ ಬಂಡೆಯ ಬೆಟ್ಟ, ಇನ್ನೊಂದು ಬದಿಗೆ ಲೋಯ್ಸಾಕ್ ನದಿಯ ಜೌಗುನೆಲ. ನಡುವೆ ಎರಡು ಗೋಪುರಗಳ ಇಗರ್ಜಿ, ಅದಕ್ಕೆ ಆತುಕೊಂಡು ನಾಲ್ಕೂ ಕಡೆ ಹಬ್ಬಿದ ಬಿಳಿ ಗೋಡೆಯ ಕಟ್ಟಡಗಳು. ಮಠದ ಆರಂಭವನ್ನು ಕ್ರಿ.ಶ. 740ರ ಸುಮಾರಿಗೆ ಹೇಳುತ್ತಾರೆ. 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ಸನ್ಯಾಸಿಗಳಿಗೆ ಒಂದು ನಿಯಮಾವಳಿ ಬರೆದಿಟ್ಟರು. ಪ್ರಾರ್ಥನೆಗೆ ಇಷ್ಟು ಹೊತ್ತು, ಓದಿಗೆ ಇಷ್ಟು ಹೊತ್ತು, ಕೈಕೆಲಸಕ್ಕೆ ಇಷ್ಟು ಹೊತ್ತು ಎಂದು ದಿನವನ್ನು ಹಂಚಿದರು. ಆ ನಿಯಮದಂತೆ ಬದುಕಿದ ಮಠ ಇದು. ಆ ಸಂತರ ತೋಳಿನ ಮೂಳೆಯೊಂದು ಇಲ್ಲಿಗೆ ಬಂತು, ಚಕ್ರವರ್ತಿ ಶಾರ್ಲಮೇನನೇ ಕೊಟ್ಟದ್ದು ಎಂದು ಪ್ರತೀತಿ. 10ನೇ ಶತಮಾನದಲ್ಲಿ ಹಂಗೇರಿಯನ್ನರ ದಾಳಿಗೆ ಮಠ ಹಾಳಾಯಿತು. 1031ರಲ್ಲಿ ಟೆಗರ್ನ್‌ಸೀ ಎಂಬ ನೆರೆಯ ಮಠದ ಸನ್ಯಾಸಿಗಳು ಬಂದು ಮತ್ತೆ ದೀಪ ಹಚ್ಚಿದರು. ಈಗ ಕಾಣುವ ಇಗರ್ಜಿಯನ್ನು 1681ರಿಂದ 1686ರ ನಡುವೆ ಕಟ್ಟಿದ್ದು. ಛಾವಣಿಯ ಚಿತ್ರಗಳನ್ನು ಬರೆದವನು ಗಿಯೋರ್ಗ್ ಆಸಾಮ್. ಅವನು ಇಲ್ಲಿ ಕೆಲಸ ಮಾಡುತ್ತಿದ್ದಾಗ, 1686ರಲ್ಲಿ, ಇಲ್ಲಿಯೇ ಹುಟ್ಟಿದ ಮಗ ಕೊಸ್ಮಾಸ್ ಡಾಮಿಯಾನ್ ಮುಂದೆ ಅಪ್ಪನಿಗಿಂತ ದೊಡ್ಡ ಚಿತ್ರಕಾರನಾದ.

ಮಠದ ಒಳಗೆ ನಮಗೊಬ್ಬರು ಹಿರಿಯ ಫಾದರ್ ಸಿಕ್ಕರು. ಎಲ್ಲಿಂದ ಬಂದಿರಿ ಎಂದು ಕೇಳಿದರು. ಕರ್ನಾಟಕ ಎಂದೆ. ‘ಬೆಂಗಳೂರು? ಅಲ್ಲೂ ನಮ್ಮವರಿದ್ದಾರೆ’ ಎಂದು ಮುಖ ಅರಳಿಸಿದರು. ಅವರು ಬೆನೆಡಿಕ್ಟೀನರಲ್ಲ, ಡಾನ್ ಬಾಸ್ಕೋ ಸಂಸ್ಥೆಯ ಸಲೇಶಿಯನ್ ಪಾದ್ರಿ. ನಮ್ಮ ಬೆಂಗಳೂರಿನಲ್ಲಿ ಡಾನ್ ಬಾಸ್ಕೋ ಹೆಸರಿನ ಶಾಲೆಗಳನ್ನೂ ಬೀದಿ ಮಕ್ಕಳಿಗೆ ಆಸರೆಯ ಮನೆಗಳನ್ನೂ ನಡೆಸುವುದು ಇದೇ ಸಂಸ್ಥೆ. ಹಾಗಾದರೆ ಬೆನೆಡಿಕ್ಟೀನರು ಎಲ್ಲಿ ಹೋದರು ಎಂದು ಮಗಳು ಕೇಳಿದಳು. ಅವರು ಕೈಬೆರಳು ಮಡಚಿ ಹೇಳಿದ್ದನ್ನು ಅವಳು ನನಗೆ ಕನ್ನಡದಲ್ಲಿ ಹೇಳುತ್ತಾ ಬಂದಳು.

ಎಲ್ಲಕ್ಕೂ ಕಾರಣ 1803. ನೆಪೋಲಿಯನ್ನನ ಯುದ್ಧಗಳಲ್ಲಿ ರೈನ್ ನದಿಯ ಎಡದಂಡೆಯನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟ ಜರ್ಮನ್ ಅರಸರಿಗೆ ಪರಿಹಾರ ಬೇಕಿತ್ತು. ಚರ್ಚಿನ ಆಸ್ತಿಯನ್ನು ಮುಟ್ಟುಗೋಲು ಹಾಕಿ ತುಂಬಿಕೊಂಡರು. ಬವೇರಿಯದ ಬಹುತೇಕ ಮಠಗಳು ಮುಚ್ಚಿದವು. ಸುಮಾರು ಸಾವಿರ ವರ್ಷ ಪ್ರಾರ್ಥನೆ ಕೇಳಿದ ಗೋಡೆಗಳ ನಡುವಿಂದ ಸನ್ಯಾಸಿಗಳು ಗಂಟುಮೂಟೆ ಕಟ್ಟಿಕೊಂಡು ಹೊರಟರು. ಪುಸ್ತಕಗಳ ಲೆಕ್ಕ ಹಾಕಲು ಸರ್ಕಾರ ಯೋಹಾನ್ ಕ್ರಿಸ್ಟೋಫ್ ಫಾನ್ ಆರೆಟೀನ್ ಎಂಬ ಗ್ರಂಥಪಾಲಕನನ್ನು ಕಳಿಸಿತು. ಮಠದ ಪುಸ್ತಕಗಳ ನಡುವೆ ಅವನಿಗೊಂದು ಚರ್ಮದ ಹಾಳೆಯ ಹಸ್ತಪ್ರತಿ ಸಿಕ್ಕಿತು. 112 ಹಾಳೆ. ಹೆಚ್ಚಿನವು ಲ್ಯಾಟಿನ್ ಹಾಡುಗಳು, ಕೆಲವು ಹಳೆಯ ಜರ್ಮನ್‌ನಲ್ಲಿ. ಪ್ರೀತಿ, ವಸಂತ, ಕುಡಿತ, ಜೂಜು, ದುಡ್ಡಿನಾಸೆಯ ಪಾದ್ರಿಗಳ ಮೇಲೆ ಸಿಟ್ಟು. 13ನೇ ಶತಮಾನದಲ್ಲಿ ಯಾರೋ ಆಸೆಪಟ್ಟು ಬರೆಸಿದ್ದು, ಬಹುಶಃ ಬೇರೆ ಕಡೆ, ಆದರೆ ಕೊನೆಗೆ ಜೋಪಾನವಾಗಿ ಉಳಿದು ಸಿಕ್ಕಿದ್ದು ಸನ್ಯಾಸಿಗಳ ಈ ಮನೆಯಲ್ಲಿ. 1847ರಲ್ಲಿ ಷ್ಮೆಲ್ಲರ್ ಎಂಬ ವಿದ್ವಾಂಸ ಅದನ್ನು ಈ ಊರಿನ ಹೆಸರಿನಲ್ಲೇ ‘ಕಾರ್ಮಿನಾ ಬುರಾನಾ’ ಎಂದು ಅಚ್ಚು ಹಾಕಿಸಿದ. ಕಾರ್ಲ್ ಓರ್ಫ್ ಎಂಬ ಸಂಗೀತಗಾರ ಅದರ ಕೆಲವು ಹಾಡುಗಳಿಗೆ ಸಂಗೀತ ಕಟ್ಟಿ 1937ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹಾಡಿಸಿದ ಮೇಲೆ ಅದು ಜಗತ್ತಿನ ಬಾಯಿಗೆ ಬಂತು.

ಪುಸ್ತಕಗಳು ಮ್ಯೂನಿಕ್‌ಗೆ ಹೋದವು. ಕಟ್ಟಡ? ಇಲ್ಲಿ ಫಾದರ್ ಹೇಳಿದ ಒಂದು ಮಾತು ನನ್ನೊಳಗೆ ಕೂತುಬಿಟ್ಟಿತು. ಇಲ್ಲಿಂದ ದೂರವೇನಲ್ಲದ ವೆಸ್ಸೋಬ್ರುನ್ ಎಂಬಲ್ಲಿಯೂ ಹೀಗೇ ಪ್ರಾಚೀನವಾದ ಬೆನೆಡಿಕ್ಟೀನ್ ಮಠವಿತ್ತು. ಅದನ್ನೂ ಮುಚ್ಚಿದರು. 1810ರಲ್ಲಿ ಅದರ ಇಗರ್ಜಿಯನ್ನು ಕೆಡವಿ, ಬೆಂಕಿಗೆ ಸುಟ್ಟುಹೋಗಿದ್ದ ವೈಲ್‌ಹೈಮ್ ಪಟ್ಟಣದ ಮನೆ ಕಟ್ಟಲು ಕಲ್ಲು ಸಾಗಿಸಿದರು. ಅಲ್ಲಿ ಇಗರ್ಜಿಯ ಗಂಟೆಗೋಪುರವೊಂದು ಉಳಿದಿದೆ. ಇಲ್ಲಿ ಹಾಗಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ನೋಡಬೇಕಾದರೆ ಹಿಂದಿನ ಅಂಗಳಕ್ಕೆ ಹೋಗಿ ಎಂದರು. ಅಲ್ಲಿರುವುದೇ ಫ್ರೌನ್‌ಹೋಫರನ ಗಾಜಿನ ಕಾರ್ಖಾನೆ. ಈಗ ಮ್ಯೂಸಿಯಂ. ನಾನು ಬಂದದ್ದೇ ಅದಕ್ಕೆ.

ಯೋಸೆಫ್ ಫ್ರೌನ್‌ಹೋಫರ್ ಗಾಜು ಜೋಡಿಸುವ ಬಡವನ ಮಗ. 1787ರಲ್ಲಿ ಸ್ಟ್ರೌಬಿಂಗ್ ಎಂಬ ಊರಲ್ಲಿ ಹುಟ್ಟಿದ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಬ್ಬರೂ ಹೋದರು. ಮ್ಯೂನಿಕ್‌ನ ಒಬ್ಬ ಕನ್ನಡಿ ಕೆಲಸಗಾರನ ಹತ್ತಿರ ಸಂಬಳವಿಲ್ಲದ ಶಿಷ್ಯನಾಗಿ ಸೇರಿಸಿದರು. ಯಜಮಾನ ಓದಲು ಬಿಡುತ್ತಿರಲಿಲ್ಲ. 1801ರ ಜುಲೈ 21ರಂದು ಆ ಮನೆ ಕುಸಿದು ಬಿತ್ತು. ಯಜಮಾನನ ಹೆಂಡತಿ ಸತ್ತಳು. 14 ವರ್ಷದ ಹುಡುಗನನ್ನು ತಾಸುಗಟ್ಟಲೆ ಅಗೆದು ಅವಶೇಷಗಳ ಅಡಿಯಿಂದ ಜೀವಂತವಾಗಿ ಎತ್ತಿದರು. ನೋಡಲು ಬಂದಿದ್ದ ಅರಸು ಮ್ಯಾಕ್ಸಿಮಿಲಿಯನ್ ಯೋಸೆಫ್ ಅವನ ಕೈಗೆ 18 ಚಿನ್ನದ ನಾಣ್ಯ ಕೊಟ್ಟ. ಜೊತೆಗಿದ್ದ ಉಟ್ಸ್‌ಷ್ನೈಡರ್ ಎಂಬ ಅಧಿಕಾರಿ ಪುಸ್ತಕ ಕೊಟ್ಟ. ಹುಡುಗ ಆ ದುಡ್ಡಿನಲ್ಲಿ ಗಾಜು ಉಜ್ಜುವ ಯಂತ್ರವೊಂದನ್ನು ಕೊಂಡ, ಮಿಕ್ಕದ್ದರಲ್ಲಿ ಯಜಮಾನನಿಂದ ಬಿಡುಗಡೆ ಕೊಂಡ.

ಈ ಉಟ್ಸ್‌ಷ್ನೈಡರನೇ 1805ರಲ್ಲಿ ಖಾಲಿ ಬಿದ್ದಿದ್ದ ಮಠವನ್ನು ಕೊಂಡವನು. ಭೂಮಾಪನಕ್ಕೆ, ಸೈನ್ಯಕ್ಕೆ, ಖಗೋಳಕ್ಕೆ ದೂರದರ್ಶಕ ಬೇಕು. ದೂರದರ್ಶಕಕ್ಕೆ ಕಲೆಯಿಲ್ಲದ ಗಾಜು ಬೇಕು. ಒಳ್ಳೆಯ ಗಾಜು ಬರುತ್ತಿದ್ದುದು ಇಂಗ್ಲೆಂಡಿನಿಂದ, ಯುದ್ಧದಿಂದಾಗಿ ಅದು ಸಿಗುವುದೇ ಕಷ್ಟ. ಇಲ್ಲಿ ದೊಡ್ಡ ಕಟ್ಟಡಗಳಿದ್ದವು, ಕುಲುಮೆಗೆ ಬೇಕಾದ ಸೌದೆ ಸುತ್ತಲ ಕಾಡಿನಲ್ಲಿತ್ತು. ಸ್ವಿಟ್ಜರ್ಲೆಂಡಿನಿಂದ ಪಿಯೆರ್ ಲೂಯಿ ಗಿನಾನ್ ಎಂಬ ಗಾಜಿನ ಕುಶಲಿಯನ್ನು ಕರೆಸಿದ. ಗಿನಾನನ ಗುಟ್ಟು ಕಲಕುವುದರಲ್ಲಿತ್ತು. ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆಯ ಬೆಲ್ಲವನ್ನು ಮರದ ಹುಟ್ಟು ಹಾಕಿ ಹದ ಬರುವ ತನಕ ತಿರುವುತ್ತಾರಲ್ಲ, ಹಾಗೆ ಕರಗಿದ ಗಾಜನ್ನು ಸುಟ್ಟ ಮಣ್ಣಿನ ಕೋಲಿನಿಂದ ಕಲಕುತ್ತಿದ್ದ. ಕಲಕದಿದ್ದರೆ ಭಾರದ ಅಂಶ ಕೆಳಗೆ ಇಳಿದು ಗಾಜಿನಲ್ಲಿ ಎಳೆ ಎಳೆ ನಿಲ್ಲುತ್ತದೆ, ಅಂಥ ಮಸೂರದಲ್ಲಿ ನಕ್ಷತ್ರ ಕದಡಿ ಕಾಣುತ್ತದೆ.

1807ರಲ್ಲಿ ಫ್ರೌನ್‌ಹೋಫರ್ ಇಲ್ಲಿಗೆ ಬಂದ. ಆಗ ಅವನಿಗೆ 20 ವರ್ಷ. ಗಾಜು ಚೆನ್ನಾಗಿದೆಯೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳಿದರೆ ಅವನಿಗೆ ಸಾಲದು. ಪ್ರತಿ ಬಣ್ಣ ಗಾಜಿನಲ್ಲಿ ಎಷ್ಟು ಬಾಗುತ್ತದೆ ಎಂದು ಅಳೆಯಬೇಕು. ಆದರೆ ಬಣ್ಣಕ್ಕೆ ಗಡಿಯೆಲ್ಲಿ? ಕೆಂಪು ಎಲ್ಲಿ ಮುಗಿದು ಕಿತ್ತಳೆ ಎಲ್ಲಿ ಶುರುವಾಗುತ್ತದೆ? ಕತ್ತಲ ಕೋಣೆಯ ಕಿರಿದಾದ ಸೀಳಿನಿಂದ ಬಿಸಿಲು ಬಿಟ್ಟು, ಪಟ್ಟಕದಲ್ಲಿ ಹಾಯಿಸಿ, ಅದನ್ನು ಕೋನ ಅಳೆಯುವ ದೂರದರ್ಶಕದಲ್ಲಿ ನೋಡಿದ. ಬಣ್ಣದ ಪಟ್ಟಿಯ ಉದ್ದಕ್ಕೂ ಕಪ್ಪು ಗೆರೆಗಳು. 1802ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ವೊಲಾಸ್ಟನ್ ಕೆಲವನ್ನು ಕಂಡಿದ್ದ. ಇವನು 574 ಗೆರೆ ಎಣಿಸಿದ, ದಪ್ಪನೆಯವಕ್ಕೆ ಎ, ಬಿ, ಸಿ, ಡಿ ಎಂದು ಅಕ್ಷರ ಕೊಟ್ಟ. ಸೂರ್ಯನ ವಿಷಯ ತಿಳಿಯಲೆಂದು ಅಲ್ಲ, ಗಾಜು ಅಳೆಯಲು ಅಲುಗದ ಗುರುತುಗಳು ಸಿಕ್ಕವು ಎಂದು. 1814ರಲ್ಲಿ ಶುರುವಾದ ಕೆಲಸ ಇದು. ಆ ಗೆರೆಗಳು ಯಾಕೆ ಬರುತ್ತವೆ ಎಂದು ಕಿರ್ಖಾಫ್ ಮತ್ತು ಬುನ್ಸೆನ್ ಎಂಬ ವಿಜ್ಞಾನಿಗಳು 1859ರಲ್ಲಿ ತಿಳಿಸಿಕೊಟ್ಟರು. ಸೂರ್ಯನ ಹೊರಪದರದ ಅನಿಲದಲ್ಲಿರುವ ಒಂದೊಂದು ಧಾತುವೂ ತನಗೆ ಹೊಂದುವ ಬಣ್ಣವನ್ನು ಹೀರಿಕೊಳ್ಳುತ್ತದೆ, ಆ ಜಾಗ ಕಪ್ಪಾಗುತ್ತದೆ. ಡಿ ಗೆರೆ ಸೋಡಿಯಂನದು. ಸಿ ಗೆರೆ ಜಲಜನಕದ್ದು. ಎಚ್ ಗೆರೆ ಕ್ಯಾಲ್ಸಿಯಂನದು. ಮೊಮ್ಮಗನ ಪ್ರಶ್ನೆಗೆ ಉತ್ತರ ಇದು, ಹಳೆಯ ಕುಲುಮೆಯ ಮುಂದೆ ನಿಂತು ಹೇಳಿದೆ. ಅವನು ಕುಲುಮೆಯ ಇಟ್ಟಿಗೆಯನ್ನೇ ನೋಡುತ್ತಾ ನಿಂತ.

ಆಗಲೇ ಬಾಗಿಲಾಚೆಯ ಬೆಳಕು ಹೋಯಿತು. ಮಧ್ಯಾಹ್ನವೇ ದೀಪ ಹಚ್ಚಬೇಕಾಯಿತು. ಮುಖ್ಯ ಕಟ್ಟಡಕ್ಕೆ ಓಡಿ ಬಂದು ಕಮಾನಿನ ಹಜಾರ ಸೇರುವುದಕ್ಕೂ ಮೊದಲ ಕಲ್ಲು ಬೀಳುವುದಕ್ಕೂ ಸರಿಯಾಯಿತು. ಅಂಗೈ ತುಂಬುವಷ್ಟು ದೊಡ್ಡವು. ಮೊದಲು ಒಂದೊಂದೇ ಬಿದ್ದು ಹೆಂಚಿನ ಮೇಲೆ ಸದ್ದು ಮಾಡಿದವು. ಆಮೇಲೆ ಸದ್ದು ಬೇರೆ ಬೇರೆಯಾಗಿ ಕೇಳಲಿಲ್ಲ. ಫಾದರ್ ಎಲ್ಲಿಂದಲೋ ಬಂದು ಕೂಗುತ್ತಾ ನಮ್ಮನ್ನು ಕಿಟಕಿಯಿಲ್ಲದ ಗೋಡೆಯ ಕಡೆ ತಳ್ಳಿದರು. ಗಾಜು ಒಡೆದು ಒಳಗೆ ಹಾರಿತು, ಹಿಂದೆಯೇ ಐಸು, ಹಿಂದೆಯೇ ನೀರು. ಮಗಳು ಹುಡುಗನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ನಾನು ಅವಳ ಬೆನ್ನಿಗೆ ಅಡ್ಡ ನಿಂತೆ. ಗೋಡೆಗಳು ದಪ್ಪ. ಸನ್ಯಾಸಿಗಳು ಕಟ್ಟಿಸಿದ ಆ ಕಮಾನುಗಳು ಅಂದು ನಮ್ಮನ್ನು ಕಾದವು, ಇದನ್ನು ನಾನು ಸಾಯುವ ತನಕ ನೆನೆಯುತ್ತೇನೆ.

ಆಲಿಕಲ್ಲು ನಿಂತ ಮೇಲೆ ಹೊರಗೆ ಹೋಗಿ ನೋಡಿದೆವು. ಅಂಗಳ ಬೆಳ್ಳಗೆ. ಛಾವಣಿಗಳ ಹೆಂಚು ಚೂರು ಚೂರು. ಗಾಳಿ ಬಡಿದ ಕಡೆಯ ಕಿಟಕಿಗಳಲ್ಲಿ ಗಾಜೇ ಇರಲಿಲ್ಲ. ಕಾರುಗಳ ಗಾಜು ಒಡೆದಿದ್ದವು, ಸೋಲಾರ್ ಫಲಕ ಒಡೆದಿದ್ದವು, ಊರಿನ ಮನೆಗಳಿಗೂ ಅದೇ ಗತಿ. ಒಡೆದ ಸೂರಿನಿಂದ ಮಠದ ಒಳಗೆ ನೀರು ಇಳಿಯುತ್ತಿತ್ತು. ಗಾಜಿನ ಲೋಕದಲ್ಲಿ ಹೆಸರು ಮಾಡಿದ ಮನೆಯ ಗಾಜೆಲ್ಲ ನೆಲದ ಮೇಲಿತ್ತು. ನನಗೆ ಗಂಟಲು ಕಟ್ಟಿತು.

ಅದಾದ ಮೇಲೆ ನಡೆದದ್ದನ್ನು ಹೇಳಲೆಂದೇ ಇಷ್ಟು ಹೇಳಿದೆ. ಯಾರೂ ಸುಮ್ಮನೆ ನಿಂತು ನೋಡಲಿಲ್ಲ. ಮಠದ ಬಾಗಿಲುಗಳಿಂದ ಜನ ಬಂದರು, ಬಂದೇ ಬಂದರು. ಇಷ್ಟು ಜನ ಒಳಗಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಮಠದಲ್ಲೇ ಇರುವ ಯೂತ್ ಹಾಸ್ಟೆಲಿನಲ್ಲಿ ಉಳಿದಿದ್ದ ಮಕ್ಕಳು, ಅವರ ಜೊತೆಗಾರರು, ಅಡುಗೆಮನೆಯ ಹೆಂಗಸರು, ಪಾದ್ರಿಗಳು, ಅಲ್ಲಿನ ಪರಿಸರ ಕೇಂದ್ರದವರು. ಪೊರಕೆ, ಬಕೆಟ್, ಸಲಿಕೆ, ಸಿಕ್ಕಿದ್ದು ಹಿಡಿದುಕೊಂಡರು. ಊರಿನ ಅಗ್ನಿಶಾಮಕ ದಳದವರು ಬಂದರು. ಬವೇರಿಯದ ಹಳ್ಳಿಗಳಲ್ಲಿ ಈ ದಳದವರು ಊರಿನವರೇ, ಸಂಬಳವಿಲ್ಲದ ಸ್ವಯಂಸೇವಕರು. ಅವರ ಸ್ವಂತ ಮನೆಯ ಸೂರೂ ಒಡೆದಿರಬೇಕು. ಮಗಳೂ ನಾನೂ ಹಜಾರದ ಗಾಜು ಗುಡಿಸಿದೆವು. ಮೊಮ್ಮಗ ಬಕೆಟ್ ಹೊತ್ತ.

ಗುಡಿಸುತ್ತಲೇ ಫಾದರ್ ಇನ್ನೊಂದು ಹವಾಮಾನದ ಕತೆ ಹೇಳಿದರು. 1704ರ ಜನವರಿ. ಸ್ಪೇನಿನ ಸಿಂಹಾಸನಕ್ಕಾಗಿ ಯುರೋಪೆಲ್ಲ ಯುದ್ಧ. ಟಿರೋಲಿನ ಸೈನಿಕರು ಮಠವನ್ನು ದೋಚಲು ಹೊರಟಿದ್ದರು. ಚಳಿಗೆ ಕೊಖೆಲ್ ಸರೋವರವೂ ಸುತ್ತಲಿನ ಜೌಗೂ ಹೆಪ್ಪುಗಟ್ಟಿ ದಾರಿಯೇ ಆಗಿತ್ತು. ಸನ್ಯಾಸಿಗಳು ಸಂತ ಅನಸ್ತಾಸಿಯಳನ್ನು ಬೇಡಿಕೊಂಡರು. ಆಲ್ಪ್ಸ್‌ನಿಂದ ಫ್ಯೋನ್ ಎಂಬ ಬೆಚ್ಚನೆಯ ಗಾಳಿ ಇಳಿಯಿತು, ಐಸು ಕರಗಿತು, ಸೈನ್ಯ ಆಚೆ ದಡದಲ್ಲೇ ಉಳಿಯಿತು. ಹರಕೆ ತೀರಿಸಲು 1750ರ ದಶಕದಲ್ಲಿ ಕಟ್ಟಿಸಿದ ಅನಸ್ತಾಸಿಯ ಪ್ರಾರ್ಥನಾಮಂದಿರ ಇಗರ್ಜಿಯ ಪಕ್ಕದಲ್ಲೇ ಇದೆ. ‘ಆವತ್ತು ಆಕಾಶ ನಮ್ಮ ಕಡೆ ಇತ್ತು’ ಎಂದು ಹೇಳಿ ಅವರು ಮತ್ತೆ ಬಗ್ಗಿ ಗಾಜು ಆಯತೊಡಗಿದರು. ಅವರ ದನಿಯಲ್ಲಿ ದೂರಿರಲಿಲ್ಲ.

ಸಂಜೆ ಅಳಿಯ ಬಂದು ನಮ್ಮನ್ನು ಕರೆದೊಯ್ದ. ದಾರಿಯಲ್ಲಿ ಯಾರೂ ಮಾತಾಡಲಿಲ್ಲ.

ಮುಂದಿನ ಶನಿವಾರ, ಸೆಪ್ಟೆಂಬರ್ 2. ಶ್ರೀಹರಿಕೋಟಾದಲ್ಲಿ 11 ಗಂಟೆ 50 ನಿಮಿಷ, ಮ್ಯೂನಿಕ್‌ನಲ್ಲಿ ಬೆಳಿಗ್ಗೆ 8 ಗಂಟೆ 20 ನಿಮಿಷ. ಆದಿತ್ಯ-ಎಲ್1 ಏರುವುದನ್ನು ಮನೆಮಂದಿಯೆಲ್ಲ ಕೂತು ನೋಡಿದೆವು. ಅದರ ಮುಖ್ಯ ಉಪಕರಣ ವಿಇಎಲ್‌ಸಿಯನ್ನು ಕಟ್ಟಿದ್ದು ನಮ್ಮ ಹೊಸಕೋಟೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು. ಪುಣೆಯವರು ರೂಪಿಸಿದ ಇನ್ನೊಂದು ಉಪಕರಣ ಸೂಟ್. ಅದು ಸೂರ್ಯನನ್ನು ನೋಡುವ ಬಣ್ಣಗಳಲ್ಲಿ ಒಂದು ಕ್ಯಾಲ್ಸಿಯಂನ ಎಚ್ ಗೆರೆ. ಬಾಹ್ಯಾಕಾಶಕ್ಕೆ ಹೋದ ನಮ್ಮ ನೌಕೆ ಆ ಗೆರೆಯನ್ನು ಇಂದಿಗೂ ಕರೆಯುವುದು ಮಠದ ಆ ಹುಡುಗ ಕೊಟ್ಟ ಅಕ್ಷರದಿಂದಲೇ. ಇದನ್ನು ಹೇಳಿದಾಗ ಮೊಮ್ಮಗ ಕೇಳಿದ್ದು ಒಂದೇ, ‘ಆ ಕುಲುಮೆ ಸರಿಯಿದೆಯಾ ಅಜ್ಜ?’ ಅದೇ ಮಧ್ಯಾಹ್ನ ಮತ್ತೆ ಹೋದೆವು.

ಸೂರಿನ ಮೇಲೆ ಟಾರ್ಪಾಲು ಹೊದಿಸಿದ್ದರು, ಕಿಟಕಿಗಳಿಗೆ ಹಲಗೆ ಬಡಿದಿದ್ದರು. ಕೆಲಸ ವರ್ಷಗಟ್ಟಲೆ ಹಿಡಿಯುತ್ತದೆ, ಕೋಟಿಗಟ್ಟಲೆ ಯೂರೋ ಬೇಕು ಎಂದು ಊರೆಲ್ಲ ಹೇಳುತ್ತಿತ್ತು. ಆದರೆ ಮಠವನ್ನು ಬಿಟ್ಟು ಹೋಗುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಯಾಕೆಂದು ಅಂದು ನನಗೆ ತಿಳಿಯಿತು. ಅಲ್ಲಿ ಸಮಾಜಸೇವೆ ಕಲಿಸುವ ಕಾಲೇಜಿದೆ, ಸೆಮಿಸ್ಟರ್ ಹತ್ತಿರ ಬಂದಿತ್ತು. 1988ರಿಂದ ನಡೆಯುತ್ತಿರುವ ಪರಿಸರ ಮತ್ತು ಸಂಸ್ಕೃತಿ ಕೇಂದ್ರವಿದೆ, ಶಾಲೆಯ ಮಕ್ಕಳನ್ನು ಜೌಗುನೆಲಕ್ಕೆ ಕರೆದೊಯ್ದು ಹಕ್ಕಿ, ಗಿಡ, ಮಣ್ಣು ತೋರಿಸುತ್ತಾರೆ. ಹಾಸ್ಟೆಲಿದೆ, ಸಂಗೀತ ಕಚೇರಿಗಳಿವೆ, ಪೂಜೆಯಿದೆ, ಮ್ಯೂಸಿಯಂ ಇದೆ. ಇವರೆಲ್ಲರಿಗೂ ಆ ಸೂರು ಬೇಕು.

ಹಿಂದಕ್ಕೆ ಎಣಿಸಿದರೂ ಇದೇ ಕಾಣುತ್ತದೆ. 1819ರಲ್ಲಿ ಫ್ರೌನ್‌ಹೋಫರ್ ಮ್ಯೂನಿಕ್‌ಗೆ ಹೋದ, 1826ರಲ್ಲಿ 39ನೇ ವಯಸ್ಸಿಗೇ ಕ್ಷಯದಿಂದ ತೀರಿಕೊಂಡ. ಅಷ್ಟರಲ್ಲಿ ಮಠ ಸರ್ಕಾರದ ಕೈಗೆ ಬಂದಿತ್ತು. ಸೈನ್ಯದ ಕುದುರೆಗಳನ್ನು ಕಟ್ಟಿದರು, ಸೈನಿಕರನ್ನು ಇರಿಸಿದರು. 1930ರಲ್ಲಿ ಸಲೇಶಿಯನ್ನರು ಬಂದರು, ಮುಂದೆ ದೇವಶಾಸ್ತ್ರದ ವಿದ್ಯಾಲಯ ತೆರೆದರು. ಅದೂ 2013ರಲ್ಲಿ ಮುಚ್ಚಿತು. ಒಂದು ಕೆಲಸ ಮುಗಿದಾಗ ಇನ್ನೊಂದು ಬಂದು ಸೇರಿತು. ಎಲ್ಲವೂ ಘನವಾದ ಕೆಲಸವೇನಲ್ಲ, ಆದರೆ ಕುದುರೆಗಾದರೂ ಸೂರು ಸೋರಬಾರದಲ್ಲ! ವೆಸ್ಸೋಬ್ರುನ್ನಿನ ಇಗರ್ಜಿ ಇದಕ್ಕಿಂತ ಕಡಿಮೆ ಪವಿತ್ರವಾಗಿತ್ತೇ? ಅದರ ಕಲ್ಲಿಗೆ ಬೇಡಿಕೆ ಬಂತು, ಅದರ ಒಳಗಿನ ಜಾಗ ಯಾರಿಗೂ ಬೇಕಾಗಲಿಲ್ಲ.

ನಮ್ಮ ಸೀಮೆಯಲ್ಲೂ ಬೀಗ ಜಡಿದ ಹಳೆಯ ಕಟ್ಟಡಗಳು ಎಷ್ಟಿಲ್ಲ? ಮಕ್ಕಳಿಲ್ಲವೆಂದು ಮುಚ್ಚಿದ ಶಾಲೆ, ಯಾರೂ ಇಳಿದುಕೊಳ್ಳದ ಛತ್ರ, ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ಬಿಟ್ಟ ತೊಟ್ಟಿಮನೆ. ಬಾಗಿಲಿಗೆ ‘ಸಂರಕ್ಷಿತ’ ಎಂದು ಫಲಕ ಹಾಕಿದರೆ ಉಳಿಯುತ್ತದೆ ಎಂದು ನಾವು ನಂಬಿದ್ದೇವೆ. ಫಲಕವನ್ನೇನೂ ಬೇಡವೆನ್ನುವುದಿಲ್ಲ. ಆದರೆ ಮಳೆಗಾಲದ ಮೊದಲ ವಾರ ಸೂರು ಹತ್ತಿ ಹೆಂಚು ಸರಿಮಾಡುವವನು, ಆ ಸೂರಿನ ಕೆಳಗೆ ನಾಳೆ ಕೆಲಸ ಇರುವವನು ಮಾತ್ರ. ಆ ಕೀಲಿಕೈ ಯಾರ ಹತ್ತಿರ ಇದೆಯೋ ಕೇಳಿ ತೆಗೆಸಿ. ಓದುವ ಮಕ್ಕಳನ್ನು ಕೂರಿಸಿ, ನೂಲುವವರನ್ನು ಕೂರಿಸಿ, ತಾಳಮದ್ದಳೆ ಆಡಿಸಿ, ಏನೂ ಇಲ್ಲದಿದ್ದರೆ ಅಡಿಕೆ ಸುಲಿಯುವುದನ್ನಾದರೂ ಅಲ್ಲೇ ಇಟ್ಟುಕೊಳ್ಳಿ. ಈ ಮಾತಿಗೆ ಆಗುತ್ತದೆ ಎನ್ನುವವರು ನಿಮ್ಮಲ್ಲಿ ಇಬ್ಬರು ಇದ್ದರೂ ಸಾಕು, ಮೂರನೆಯವನಾಗಿ ನಾನು ಬರುತ್ತೇನೆ.